ಜಾನ್ ಸೈಕ್ಸ್‌ನಿಂದ ಕಲಿಯಬೇಕೆನ್ನುವವರಿಗೆ: ಮೂರು ಆಲ್ಬಂಗಳಲ್ಲಿ ಯಾವುದು ಮೊದಲು?

ಗಿಟಾರ್ ಹಿಡಿದು ಒಂದೆರಡು ವರ್ಷವಾಗಿದೆ, ಪವರ್ ಕಾರ್ಡ್ ಸಲೀಸು, ಪೆಂಟಟಾನಿಕ್ ಬೆರಳಿಗೆ ಕೂತಿದೆ, ಮುಂದೇನು ಎನ್ನುವವರು ಮೆಲೋಡಿಕ್ ಹಾರ್ಡ್ ರಾಕ್ ಕಡೆ ಹೊರಳಿದರೆ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಸೈಕ್ಸ್ ಹೆಸರು ಎದುರಾಗದೆ ಇರದು. ಹೆಸರು ಕೇಳಿದ್ದೇ ತಡ, ಆತ ನುಡಿಸಿದ ವೈಟ್‌ಸ್ನೇಕ್ ಬ್ಯಾಂಡ್‌ನ 1987ರ ಆಲ್ಬಂ ಹಾಕಿಕೊಂಡು ಕೂರುವುದು ವಾಡಿಕೆ. ವಾರ ಕಳೆಯುವಷ್ಟರಲ್ಲಿ ‘ನನ್ನ ಆಂಪ್ (ಆಂಪ್ಲಿಫೈಯರ್) ಸರಿಯಿಲ್ಲ’ ಎಂಬ ತೀರ್ಮಾನವೂ ಆಗಿರುತ್ತದೆ. ಆಂಪ್‌ನ ತಪ್ಪೇನೂ ಇಲ್ಲ. ಪದರದ ಮೇಲೆ ಪದರ ಕೂರಿಸಿ ಕಟ್ಟಿದ ಸದ್ದನ್ನು ಒಂದೇ ಗಿಟಾರ್‌ನಲ್ಲಿ ಹುಡುಕಿದರೆ ಎಲ್ಲಿಂದ ಸಿಗಬೇಕು?

ಕಲಿಯುವವರಿಗೆ ಬೇಕಾದದ್ದು ಸೈಕ್ಸ್‌ನ ಮೂರು ಆಲ್ಬಂಗಳಲ್ಲಿ ಹಂಚಿಹೋಗಿದೆ: ಥಿನ್ ಲಿಝಿಯ ‘ಥಂಡರ್ ಅಂಡ್ ಲೈಟ್ನಿಂಗ್’ (1983), ವೈಟ್‌ಸ್ನೇಕ್‌ನ ‘1987’, ಮತ್ತು ತನ್ನದೇ ಬ್ಯಾಂಡ್ ಬ್ಲೂ ಮರ್ಡರ್‌ನ ಅದೇ ಹೆಸರಿನ ಮೊದಲ ಆಲ್ಬಂ (1989). ಮೊದಲನೆಯದರಲ್ಲಿ ಆತ ಬೇರೆಯವರ ಮನೆಗೆ ಬಂದ ನೆಂಟ, ಎರಡನೆಯದರಲ್ಲಿ ಪಾಲುದಾರ, ಮೂರನೆಯದರಲ್ಲಿ ಯಜಮಾನ. ನಿಮ್ಮ ಕೊರತೆ ಕೈಯಲ್ಲಿದ್ದರೆ 1983ರಿಂದ ಶುರುಮಾಡಿ. ಕೈ ಓಡುತ್ತದೆ, ಆದರೆ ಹಾಡು ಆಗುತ್ತಿಲ್ಲ ಎನ್ನುವವರಿಗೆ 1987. ಮೂರೇ ಜನರ ಬ್ಯಾಂಡ್ ಕಟ್ಟಿಕೊಂಡು ಹಾಡುತ್ತ ನುಡಿಸುವ ಹಂಬಲವಿದ್ದರೆ ಮಾತ್ರ 1989.

ಆತನ ಹಾದಿ ಚುಟುಕಾಗಿ ಹೀಗಿದೆ. ಹುಟ್ಟಿದ್ದು 1959ರಲ್ಲಿ, ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹದಿಹರೆಯದ ಕೆಲವು ವರ್ಷ ಸ್ಪೇನಿನ ಇಬಿಝಾ ದ್ವೀಪದಲ್ಲಿ ಕಳೆಯಿತು, ಗಿಟಾರ್ ಹಿಡಿದದ್ದೂ ಅಲ್ಲೇ. 1980ರಲ್ಲಿ ಟೈಗರ್ಸ್ ಆಫ್ ಪ್ಯಾನ್ ಟ್ಯಾಂಗ್ ಸೇರಿ, 1981 ಒಂದೇ ವರ್ಷದಲ್ಲಿ ಎರಡು ಆಲ್ಬಂ. 1982ರಲ್ಲಿ ಥಿನ್ ಲಿಝಿ, ಅದು ಮುಗಿದ ಮೇಲೆ 1984ರಲ್ಲಿ ವೈಟ್‌ಸ್ನೇಕ್. ‘1987’ ಆಲ್ಬಂ ಅಂಗಡಿಗೆ ಬರುವ ಮೊದಲೇ ಅಲ್ಲಿಂದ ಹೊರಬಿದ್ದಾಗಿತ್ತು. ಆಮೇಲೆ ಬ್ಲೂ ಮರ್ಡರ್, 1995ರಿಂದ ಸ್ವಂತ ಹೆಸರಿನ ಆಲ್ಬಂಗಳು, 1996ರಿಂದ 2009ರವರೆಗೆ ಹಾಡುಗಾರ-ನಾಯಕ ಫಿಲ್ ಲೈನಟ್ ಇಲ್ಲದ ಥಿನ್ ಲಿಝಿಯ ವೇದಿಕೆ ಪ್ರವಾಸಗಳು. ಕ್ಯಾನ್ಸರ್‌ನಿಂದ ತೀರಿಕೊಂಡ ಸುದ್ದಿ ಹೊರಬಂದದ್ದು 2025ರ ಜನವರಿಯಲ್ಲಿ, ವಯಸ್ಸು 65.

ಕೈ ಪಳಗಬೇಕೆ? ‘ಥಂಡರ್ ಅಂಡ್ ಲೈಟ್ನಿಂಗ್’

ಇದರಲ್ಲಿ ಒಂಬತ್ತು ಹಾಡು. ಸೈಕ್ಸ್ ಕಾಲಿಡುವ ಹೊತ್ತಿಗೆ ಹೆಚ್ಚಿನವು ತಯಾರಾಗಿದ್ದವು, ಹಾಗಾಗಿ ಆತನ ಹೆಸರಿರುವ ರಚನೆ ಒಂದೇ: ಲೈನಟ್ ಜೊತೆ ಬರೆದ ‘ಕೋಲ್ಡ್ ಸ್ವೆಟ್’. ಇಡೀ ಆಲ್ಬಂ ಕಲಿಯುವ ಅಗತ್ಯವಿಲ್ಲ, ಈ ಒಂದು ಹಾಡಿಗೆ ಎರಡು ತಿಂಗಳು ಕೊಡಿ. ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸುವ ಬಿಗಿಯಾದ ಪಾಮ್ ಮ್ಯೂಟ್ ರಿಫ್ (ಮರುಕಳಿಸುವ ಸ್ವರಗುಚ್ಛ), ಕಿರುಚುವ ಪಿಂಚ್ ಹಾರ್ಮೋನಿಕ್, ಓಡುವ ಸೋಲೋ ಎಲ್ಲವೂ ಇದರಲ್ಲಿವೆ. ಪಕ್ಕದಲ್ಲಿ ಸ್ಕಾಟ್ ಗೋರಮ್ ಎಂಬ ಹಳಬ ನುಡಿಸುತ್ತಿರುವುದರಿಂದ, ಎರಡನೆಯ ಗಿಟಾರಿಗೆ ಜಾಗ ಬಿಡುವುದು ಹೇಗೆ ಎಂಬುದೂ ಕಿವಿಗೆ ಬೀಳುತ್ತದೆ.

ಪಿಂಚ್ ಹಾರ್ಮೋನಿಕ್‌ನಲ್ಲಿ ಹೆಚ್ಚಿನವರು ಎಡವುವುದು ಬಲ ಹಾಕಿ. ಜೋರಾಗಿ ಹೊಡೆದಷ್ಟೂ ಅದು ದೂರ ಹೋಗುತ್ತದೆ. ಪಿಕ್‌ನ ತುದಿ 2–3 ಮಿ.ಮೀ. ಮಾತ್ರ ಹೊರಗೆ ಕಾಣುವಂತೆ ಹಿಡಿಯಿರಿ. ಪಿಕ್ ತಂತಿಯನ್ನು ದಾಟಿದ ಮರುಗಳಿಗೆ ಹೆಬ್ಬೆರಳಿನ ಅಂಚು ಅದೇ ತಂತಿಗೆ ಸೋಕಿ ಬಿಡಬೇಕು. ಸೋಕುವುದು ಮುಖ್ಯ, ಒತ್ತುವುದಲ್ಲ. ಹೆಬ್ಬೆರಳು ತಾಗಿದ ಬಿಂದುವಿನಲ್ಲಿ ತಂತಿಯ ಮೂಲ ಸ್ವರ ಸತ್ತು, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಮೇಲಿನ ಸ್ವರವಷ್ಟೇ ಉಳಿಯುತ್ತದೆ, ಕಿರುಚುವುದು ಅದು. ಮೂರನೆಯ ತಂತಿಯ 5ನೆಯ ಫ್ರೆಟ್ ಹಿಡಿದು, ಬ್ರಿಡ್ಜ್ ಪಿಕಪ್ ಆನ್ ಮಾಡಿ, ಬಲಗೈಯನ್ನು ನೆಕ್ ಪಿಕಪ್‌ನಿಂದ ಬ್ರಿಡ್ಜ್ ಕಡೆಗೆ ಒಂದೊಂದೇ ಮಿ.ಮೀ. ಸರಿಸುತ್ತ ಹೊಡೆಯಿರಿ. ಕೆಲವೆಡೆ ‘ಕೀಂಯ್’ ಎನ್ನುತ್ತದೆ, ಕೆಲವೆಡೆ ಬರೀ ‘ಟಕ್’. ಎಡಗೈ ಬೇರೆ ಫ್ರೆಟ್‌ಗೆ ಹೋದ ಕೂಡಲೇ ಈ ಜಾಗಗಳೂ ಸರಿಯುತ್ತವೆ. ನಿನ್ನೆ ಬಂದದ್ದು ಇವತ್ತು ಬರಲಿಲ್ಲವಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಸಾಮಾನ್ಯವಾಗಿ ಬೇರೆ ಫ್ರೆಟ್‌ನಲ್ಲಿ ಹಳೆಯ ಜಾಗವನ್ನೇ ಕುಟ್ಟುತ್ತಿರುತ್ತಾರೆ.

ವೈಬ್ರಾಟೋ ಇನ್ನೂ ದೊಡ್ಡ ವಿಷಯ. ಕಣ್ಣು ಮುಚ್ಚಿ ಕೇಳಿದರೂ ಇದು ಸೈಕ್ಸ್ ಎಂದು ಗುರುತು ಹಿಡಿಸುವುದು ವೇಗವಲ್ಲ, ಆ ಅಗಲವಾದ, ಅವಸರವಿಲ್ಲದ ಅಲುಗಾಟ. ವೀಣೆ ಬಲ್ಲವರಿಗೆ ಇದರ ಮರ್ಮ ಬೇಗ ಹತ್ತುತ್ತದೆ. ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಶ್ರುತಿ ಏರುತ್ತದೆ, ಬಿಟ್ಟರೆ ತನ್ನ ಜಾಗಕ್ಕೆ ಬರುತ್ತದೆ, ಕೆಳಕ್ಕಂತೂ ಹೋಗುವುದಿಲ್ಲ. ಶ್ರುತಿ ಇಳಿಸುವ ಸನ್ನೆ, ಅಂದರೆ ವ್ಯಾಮಿ ಬಾರ್ ಇಲ್ಲದ ಲೆಸ್ ಪಾಲ್ ಗಿಟಾರ್‌ನಲ್ಲೂ ಅಷ್ಟೇ. ಆದ್ದರಿಂದ ಪ್ರತಿ ಎಳೆತದ ನಂತರ ತಂತಿ ಪೂರ್ತಿ ಮೂಲಕ್ಕೆ ಮರಳಬೇಕು. ಅರ್ಧಕ್ಕೇ ನಿಲ್ಲಿಸಿ ಮತ್ತೆ ಎಳೆದರೆ ಸ್ವರ ಏರಿಯೇ ಉಳಿದು ಇಡೀ ಸಾಲು ಅಪಶ್ರುತಿಯಾಗುತ್ತದೆ.

ಅಭ್ಯಾಸಕ್ಕೆ ಟ್ಯೂನರ್ ಹಚ್ಚಿಕೊಳ್ಳಿ. ಮೆಟ್ರೋನೋಮ್ 60ಕ್ಕೆ ಇಟ್ಟು, ಎರಡನೆಯ ತಂತಿಯ 8ನೆಯ ಫ್ರೆಟ್‌ನಲ್ಲಿ ಒಂದು ಬಡಿತಕ್ಕೆ ಎರಡು ಸಲ ಎಳೆದು ಬಿಡಿ. ಮುಳ್ಳು 40–50 ಸೆಂಟ್ಸ್ (ಒಂದು ಫ್ರೆಟ್‌ನ ಅಂತರಕ್ಕೆ 100) ಏರಿ ಸೊನ್ನೆಗೆ ಮರಳಬೇಕು. ಎರಡು ವಾರದ ಮೇಲೆ ಬಡಿತಕ್ಕೆ ಮೂರು. ಬೆರಳಿನ ಗೆಣ್ಣುಗಳಿಂದ ಎಳೆದರೆ ಐದು ನಿಮಿಷಕ್ಕೆ ನೋವು ಶುರು. ತೋರುಬೆರಳಿನ ಬುಡವನ್ನು ಗಿಟಾರ್ ಕುತ್ತಿಗೆಗೆ ಆನಿಸಿ, ಬೀಗದ ಕೈ ತಿರುಗಿಸಿದಂತೆ ಮಣಿಕಟ್ಟನ್ನು ತಿರುಗಿಸಬೇಕು. ಇದನ್ನು ದಿನಕ್ಕೆ ಹತ್ತು ನಿಮಿಷ ಮಾಡಿದವರಿಗೆ ಸೈಕ್ಸ್‌ನ ಅರ್ಧ ದಾರಿ ಮುಗಿದಂತೆ. ಹೊಸ ಪೆಡಲ್ ಕೊಂಡವರಿಗೆ ಹಾಗೆ ಹೇಳಲು ಬರುವುದಿಲ್ಲ.

ಹಾಡು ಕಟ್ಟುವುದು ಬೇಕೆ? ‘1987’

ಗಿಟಾರ್ ಬದಿಗಿಟ್ಟು, ಪೆನ್ನು ಹಾಳೆ ಹಿಡಿದು ಕೇಳಬೇಕಾದ ಆಲ್ಬಂ ಇದು. ಮೊದಲು ಕೈಯಲ್ಲಿರುವುದು ಯಾವ ಆವೃತ್ತಿ ಎಂದು ನೋಡಿಕೊಳ್ಳಿ. ಅಮೆರಿಕದ ಆವೃತ್ತಿಯ ಹೆಸರು ಬರೀ ‘ವೈಟ್‌ಸ್ನೇಕ್’, ಹಾಡು ಒಂಬತ್ತು. ಯುರೋಪಿನದು ‘1987’, ಎರಡು ಹಾಡು ಹೆಚ್ಚು, ಕ್ರಮವೂ ಬೇರೆ. ಅಮೆರಿಕದ ಒಂಬತ್ತರಲ್ಲಿ ಏಳು ಹಾಡುಗಳನ್ನು ಬ್ಯಾಂಡಿನ ಗಾಯಕ ಡೇವಿಡ್ ಕವರ್‌ಡೇಲ್ ಮತ್ತು ಸೈಕ್ಸ್ ಸೇರಿ ಬರೆದರು. ಉಳಿದೆರಡು, ‘ಹಿಯರ್ ಐ ಗೋ ಅಗೇನ್’ ಮತ್ತು ‘ಕ್ರೈಯಿಂಗ್ ಇನ್ ದ ರೇನ್’, 1982ರ ಹಳೆಯ ಹಾಡುಗಳನ್ನು ಹೊಸದಾಗಿ ಕಟ್ಟಿದ್ದು.

ಎಷ್ಟೋ ಜನ ದಾರಿ ತಪ್ಪುವುದು ‘ಹಿಯರ್ ಐ ಗೋ ಅಗೇನ್’ನಲ್ಲಿ. 1987ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ ಈ ಹಾಡಿನ ಆಲ್ಬಂ ಸೋಲೋ ಆಡ್ರಿಯನ್ ವಾಂಡನ್‌ಬರ್ಗ್‌ನದು. ರೇಡಿಯೋಗೆಂದು ಮಾಡಿದ ಸಿಂಗಲ್‌ನಲ್ಲಿ ಗಿಟಾರ್ ಡ್ಯಾನ್ ಹಫ್‌ನದು. ವಿಡಿಯೋಗಳಲ್ಲಿ ಕಾಣುವ ತಂಡವಂತೂ ಸೈಕ್ಸ್ ಹೋದ ಮೇಲೆ ಸೇರಿಸಿದ್ದು. 1988ರಲ್ಲಿ ಸಿಂಗಲ್ ಆಗಿ ಬಂದ ‘ಗಿವ್ ಮಿ ಆಲ್ ಯುವರ್ ಲವ್’ಗೆ ವಿವಿಯನ್ ಕ್ಯಾಂಪ್‌ಬೆಲ್ ಬೇರೆ ಸೋಲೋ ಕೂಡಿಸಿದ್ದಾನೆ. ‘ಸೈಕ್ಸ್ ಶೈಲಿ’ ಎಂದು ತಿಂಗಳುಗಟ್ಟಲೆ ಬೇರೆಯವರ ಕೈ ಕಲಿತವರು ಕಡಿಮೆಯೇನಿಲ್ಲ. ಅದು ಕೆಟ್ಟ ಕಲಿಕೆ ಅಂತಲ್ಲ, ಹೆಸರು ತಪ್ಪು ಅಷ್ಟೆ.

ಎರಡೇ ಹಾಡು ಎದುರುಬದುರು ಇಟ್ಟುಕೊಳ್ಳಿ. ಒಂದು ‘ಸ್ಟಿಲ್ ಆಫ್ ದ ನೈಟ್’, ಆರೂವರೆ ನಿಮಿಷಕ್ಕೂ ಹೆಚ್ಚು. ಶುರುವಿನಲ್ಲಿ ದನಿ ಹಾಡುವಾಗ ಗಿಟಾರ್ ಸುಮ್ಮನಿರುತ್ತದೆ, ದನಿ ನಿಂತಾಗ ರಿಫ್ ಬಂದು ಬೀಳುತ್ತದೆ. ನಡುವೆ ಎಲ್ಲವೂ ಇಳಿದು, ತಂತಿವಾದ್ಯದಂಥ ಸದ್ದಿನೊಡನೆ ನಿಧಾನಕ್ಕೆ ಮತ್ತೆ ಏರುತ್ತದೆ. ಇನ್ನೊಂದು ‘ಈಸ್ ದಿಸ್ ಲವ್’, ಅಮೆರಿಕದಲ್ಲಿ ಎರಡನೆಯ ಸ್ಥಾನಕ್ಕೆ ಹೋದ ನಿಧಾನಗತಿಯ ಹಾಡು. ಗಿಟಾರ್‌ನ ಸ್ವಚ್ಛ ಸದ್ದಿಗೆ ಕೋರಸ್ ಎಫೆಕ್ಟ್ ಹಚ್ಚಿ, ಬಿಡಿಬಿಡಿಯಾಗಿ ನುಡಿಸಿದ್ದು. ಹಾಳೆಯಲ್ಲಿ ಪ್ರತಿ ಭಾಗ ಎಷ್ಟನೆಯ ಸೆಕೆಂಡಿಗೆ ಶುರು ಎಂದು ಬರೆದು, ಪಕ್ಕದಲ್ಲಿ ಗಿಟಾರ್ ಎಲ್ಲಿ ಇಲ್ಲ ಎಂಬುದನ್ನು ಗುರುತು ಹಾಕಿ. ಎರಡೂ ಹಾಡಿನ ಹಾಳೆ ಪಕ್ಕಪಕ್ಕ ಇಟ್ಟರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ: ಎರಡು ಹಾಡಿನ ವೇಷ ಬೇರೆ, ಆದರೆ ಗಿಟಾರ್ ದನಿಯ ಕಾಲು ತುಳಿಯುವುದು ಎರಡರಲ್ಲೂ ಇಲ್ಲ. ಆಮೇಲೆ ‘ಈಸ್ ದಿಸ್ ಲವ್’ ಸೋಲೋವನ್ನು ಗಿಟಾರ್ ಮುಟ್ಟದೆ ಬಾಯಲ್ಲಿ ಹಾಡಿ ನೋಡಿ. ಹಾಡಲು ಬರುವಂಥ ಸೋಲೋ ಅದು. ನೀವು ಬರೆದ ಸೋಲೋಗೂ ಇದೇ ಪರೀಕ್ಷೆ.

ಪದರಗಳ ಸದ್ದು ಬೇಕೇ ಬೇಕು ಎನ್ನುವವರು ಮನೆಯಲ್ಲಿ ರೆಕಾರ್ಡ್ ಮಾಡುವಾಗ ಹೀಗೆ ಮಾಡಬಹುದು. ಒಬ್ಬರೇ ನುಡಿಸುವಾಗ ಇಡುವ ಗೇನ್‌ಗಿಂತ, ಅಂದರೆ ಡಿಸ್ಟಾರ್ಷನ್ ಮಟ್ಟಕ್ಕಿಂತ, ಮೂರನೇ ಒಂದು ಭಾಗ ಇಳಿಸಿ. ರಿಫ್ ಒಂದು ಸಲ ನುಡಿಸಿ ಪೂರ್ತಿ ಎಡಕ್ಕೆ ಹಾಕಿ, ಇನ್ನೊಂದು ಸಲ ಮೊದಲಿನಿಂದ ನುಡಿಸಿ ಪೂರ್ತಿ ಬಲಕ್ಕೆ. ಎರಡರಲ್ಲೂ 80–100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಬೇಸ್ ಗಿಟಾರಿಗೆ ಬಿಡಿ. ಒಂದೇ ಟ್ರ್ಯಾಕನ್ನು ಕಾಪಿ ಮಾಡಿ ಎರಡೂ ಕಡೆ ಇಟ್ಟರೆ ಅಗಲ ಬರುವುದಿಲ್ಲ, ಸದ್ದು ನಡುವೆಯೇ ನಿಂತು ಜೋರಾಗುತ್ತದೆ. ಕಾಪಿಯನ್ನು 10–20 ಮಿಲಿಸೆಕೆಂಡ್ ಹಿಂದೆ ಸರಿಸುವ ಉಪಾಯವೂ ಇದೆ, ಆದರೆ ಫೋನಿನ ಒಂದೇ ಸ್ಪೀಕರಿನಲ್ಲಿ ಕೇಳಿದಾಗ ಕೆಲವು ಆವರ್ತನಗಳು ಒಂದನ್ನೊಂದು ಹೊಡೆದುಹಾಕಿ ಡಬ್ಬದೊಳಗಿನ ದನಿಯಾಗುತ್ತದೆ. ಎರಡು ಸಲ ನುಡಿಸುವಾಗಿನ ಸಣ್ಣ ವ್ಯತ್ಯಾಸವೇ ಅಗಲ ಕೊಡುವುದು. ವ್ಯತ್ಯಾಸ ದೊಡ್ಡದಾದರೆ ಗಲಿಬಿಲಿ, ಹಾಗಾಗಿ ರಿಫ್ ಕೈಗೆ ಪಕ್ಕಾ ಕೂತ ಮೇಲೇ ಈ ಕೆಲಸಕ್ಕೆ ಕೈಹಾಕಿ.

ಈ ಆಲ್ಬಂ ವೃತ್ತಿಯ ಪಾಠವನ್ನೂ ಹೇಳುತ್ತದೆ. ಹೊರಹಾಕಿಸಿಕೊಂಡವನ ಹೆಸರು ಹಾಡುಗಳ ಕೆಳಗೆ ಉಳಿಯಿತು, ಆಲ್ಬಂ ಅಮೆರಿಕವೊಂದರಲ್ಲೇ ಎಂಟು ಪ್ಲಾಟಿನಮ್ (ಎಂಬತ್ತು ಲಕ್ಷ ಪ್ರತಿ) ಮುಟ್ಟಿತು. ಮಾರಾಟವಾದ ಪ್ರತಿಯೊಂದಕ್ಕೆ ಹಾಡು ಬರೆದವರಿಗೆ ಸಲ್ಲಬೇಕಾದ ಅಮೆರಿಕದ ಶಾಸನಬದ್ಧ ದರ ಆಗ ಹಾಡಿಗೆ 5 ಸೆಂಟ್. ಏಳು ಹಾಡಿಗೆ 35 ಸೆಂಟ್. ಪಾಲು ಅರ್ಧರ್ಧ ಎಂದು ಇಟ್ಟುಕೊಂಡರೆ ಒಬ್ಬರಿಗೆ ಹದಿನೇಳೂವರೆ. ಹತ್ತು ಲಕ್ಷ ಪ್ರತಿಗೆ 1,75,000 ಡಾಲರ್. ರೆಕಾರ್ಡ್ ಕಂಪನಿಗಳ ಆಗಿನ ಕರಾರುಗಳಲ್ಲಿ ಮುಕ್ಕಾಲು ದರದ ಷರತ್ತು ಸಾಮಾನ್ಯವಾಗಿತ್ತು, ಅದು ಅನ್ವಯಿಸಿದರೆ 1,31,250. ಪ್ರಕಾಶಕರ ಪಾಲು ಕಳೆಯುವುದು ಇದರಿಂದಲೇ. ಲೆಕ್ಕ ಬರೀ ಉದಾಹರಣೆಗೆ, ಆದರೆ ಸ್ಟುಡಿಯೋಗೆ ಬಂದು ಸೋಲೋ ಮಾತ್ರ ನುಡಿಸಿ ಹೋದವರಿಗೆ ಈ ಬಾಬ್ತಿನಲ್ಲಿ ಒಂದು ಸೆಂಟೂ ಇಲ್ಲ ಎಂಬುದು ಗಮನದಲ್ಲಿರಲಿ. ಕನ್ನಡದಲ್ಲಿ ಸ್ವಂತ ಹಾಡು ಕಟ್ಟುವ ಬ್ಯಾಂಡ್‌ಗಳಿಗೂ ಇದು ದೂರದ ಮಾತಲ್ಲ. 2012ರ ತಿದ್ದುಪಡಿಯ ನಂತರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಸಾಹಿತ್ಯ ಬರೆದವರು, ಸಂಗೀತ ರಚಿಸಿದವರು ತಮ್ಮ ರಾಯಧನದ ಹಕ್ಕನ್ನು ವಾರಸುದಾರರಿಗೆ ಅಥವಾ ಕಾಪಿರೈಟ್ ಸೊಸೈಟಿಗೆ ಬಿಟ್ಟು ಬೇರೆಯವರಿಗೆ ಬರೆದುಕೊಡುವಂತಿಲ್ಲ. ಆದರೆ ನಿಮ್ಮ ಬ್ಯಾಂಡಿನಲ್ಲಿ ಯಾವ ಹಾಡನ್ನು ‘ರಚಿಸಿದವರು’ ಯಾರು ಎಂಬುದನ್ನು ಕಾಯ್ದೆ ಹೇಳಿಕೊಡುವುದಿಲ್ಲ. ರಿಫ್ ಯಾರದು, ರಾಗ ಯಾರದು, ಶೇಕಡಾ ಎಷ್ಟು ಎಂದು ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಹಾಡು ಓಡಿದ ಮೇಲೆ ಎಲ್ಲರ ನೆನಪೂ ಬೇರೆಬೇರೆಯಾಗಿರುತ್ತದೆ.

ಮೂವರ ಬ್ಯಾಂಡ್ ನಡೆಸಬೇಕೆ? ‘ಬ್ಲೂ ಮರ್ಡರ್’

ನಿರ್ಮಾಪಕ ಬಾಬ್ ರಾಕ್, ಡ್ರಮ್ಸ್ ಕಾರ್ಮೈನ್ ಅಪೀಸ್, ಫ್ರೆಟ್‌ಲೆಸ್ (ಫ್ರೆಟ್ ಇಲ್ಲದ) ಬೇಸ್ ಟೋನಿ ಫ್ರಾಂಕ್ಲಿನ್. ಗಾಯಕ ರೇ ಗಿಲೆನ್ ಕೆಲಕಾಲ ಜೊತೆಗಿದ್ದು ಹೋದ ಮೇಲೆ ಸೈಕ್ಸ್ ತಾನೇ ಹಾಡಿದ. ಅಮೆರಿಕದಲ್ಲಿ 69ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಮಾರಾಟ ನೋಡಿ ಕೈಬಿಟ್ಟರೆ ನಷ್ಟ ನಿಮ್ಮದೇ. ಗಿಟಾರ್ ಕೆಲಸದ ಮಟ್ಟಿಗೆ ಮೂರರಲ್ಲಿ ಅತಿ ಸಿರಿವಂತ ಆಲ್ಬಂ ಇದೇ.

ಆದರೂ ಮೊದಲ ಆಯ್ಕೆಯಾಗಿ ನಾವು ಇದನ್ನು ಹೇಳುವುದಿಲ್ಲ, ಏಕೆಂದರೆ ಇಲ್ಲಿ ನುಡಿಸುವುದೂ ಹಾಡುವುದೂ ಒಬ್ಬನೇ. ಗಾಯಕ ಟೋನಿ ಮಾರ್ಟಿನ್ ಜೊತೆ ಬರೆದ ‘ವ್ಯಾಲಿ ಆಫ್ ದ ಕಿಂಗ್ಸ್’ ಏಳೂವರೆ ನಿಮಿಷ ದಾಟುತ್ತದೆ, ಅದರಿಂದ ಆರಂಭಿಸಬೇಡಿ. ‘ಜೆಲ್ಲಿ ರೋಲ್’ ಹಿಡಿಯಿರಿ: ಅಕೂಸ್ಟಿಕ್ ಬ್ಲೂಸ್ ಆಗಿ ಶುರುವಾಗಿ ಕೊನೆಗೆ ಪೂರ್ಣ ಬ್ಯಾಲಡ್ ಆಗುವ ಹಾಡು. ಎಡಗೈಯಿಂದ ತಂತಿಗಳನ್ನು ಮುಚ್ಚಿ, ಬಲಗೈ ಲಯ ಮಾತ್ರ ಹೊಡೆಯುತ್ತ, ಸಾಹಿತ್ಯವನ್ನು ರಾಗವಿಲ್ಲದೆ ಓದಿ. ಪ್ರತಿ ಬಡಿತದ ಮೇಲೆ ಬೀಳುವ ಅಕ್ಷರಕ್ಕೆ ಗೆರೆ ಎಳೆಯಿರಿ. ವೇಗ ಮೂಲದ ಶೇ 60ರಷ್ಟಿರಲಿ. ಅದು ಕೂತ ಮೇಲೆ ಸ್ವರಗಳು, ಕೊನೆಗೆ ರಾಗ. ನೇರವಾಗಿ ಹಾಡುತ್ತ ನುಡಿಸಹೊರಟರೆ ಬಲಗೈ ದನಿಯ ಹಿಂದೆ ಓಡಿ ಡ್ರಮ್ಮರ್‌ನ ಕೈ ತಪ್ಪಿಸುತ್ತದೆ.

ಇನ್ನೊಂದು ಎಚ್ಚರ. ಮೂವರ ಬ್ಯಾಂಡಿನಲ್ಲಿ ಸೋಲೋ ಬಂದಾಗ ರಿದಮ್ ಗಿಟಾರ್ ಇಲ್ಲದ ಕುಳಿ ಬೀಳುತ್ತದೆ, ಅದನ್ನು ತುಂಬಲು ಫ್ರಾಂಕ್ಲಿನ್‌ನದರಂಥ ಜಾರುವ ಬೇಸ್ ಬೇಕು. ನಿಮ್ಮ ಬೇಸಿಸ್ಟ್ ಮೂಲ ಸ್ವರವಷ್ಟನ್ನೇ ಒತ್ತುವವರಾದರೆ ಜ್ಯಾಮ್ ರೂಮಿನಲ್ಲಿ ಸೋಲೋ ಬಡವಾಗಿ ಕೇಳುತ್ತದೆ. ಆಗ ಸೋಲೋವನ್ನು ಎರಡೆರಡು ತಂತಿ ಸೇರಿಸಿ ನುಡಿಸುವುದು, ಅಥವಾ ಬೇಸ್‌ಗೆ ಸ್ವಲ್ಪ ಡಿಸ್ಟಾರ್ಷನ್ ಕೊಡುವುದು ಪರಿಹಾರ.

ಸಲಕರಣೆ

ಸೈಕ್ಸ್‌ನ ಗುರುತು 1978ರ ಕಪ್ಪು ಗಿಬ್ಸನ್ ಲೆಸ್ ಪಾಲ್ ಕಸ್ಟಮ್, ಅದರ ಕನ್ನಡಿಯಂಥ ಪಿಕ್‌ಗಾರ್ಡ್, ಬ್ರಿಡ್ಜ್ ಜಾಗದಲ್ಲಿ ‘ಡರ್ಟಿ ಫಿಂಗರ್ಸ್’ ಪಿಕಪ್. ಆಂಪ್ ಮೆಸಾ ಬೂಗಿ ಮಾರ್ಕ್ ಸರಣಿಯ ಕೊಲಿಸಿಯಂ ಹೆಡ್. ಇವನ್ನೇ ಹುಡುಕುತ್ತ ಹೋಗುವುದು ಸಂಗ್ರಾಹಕರ ಕೆಲಸ, ಕಲಿಯುವವರದಲ್ಲ. ಎರಡು ಹಂಬಕರ್ (ಜೋಡಿ ಸುರುಳಿಯ ಪಿಕಪ್) ಇರುವ, ಬ್ರಿಡ್ಜ್ ಅಲುಗದ ಯಾವ ಲೆಸ್ ಪಾಲ್ ಮಾದರಿಯಾದರೂ ನಡೆಯುತ್ತದೆ. ಫ್ಲಾಯ್ಡ್ ರೋಸ್ ಎಂಬ ತೇಲುವ ಬ್ರಿಡ್ಜ್ ಇರುವ ಗಿಟಾರ್ ಬೇಡ ಎನ್ನಲು ಕಾರಣವಿದೆ: ಒಂದು ತಂತಿಯನ್ನು ಅಗಲವಾಗಿ ಎಳೆದಾಗ ಸ್ಪ್ರಿಂಗ್ ಮೇಲೆ ತೇಲುವ ಬ್ರಿಡ್ಜ್ ಮುಂದಕ್ಕೆ ಬಾಗಿ, ಜೊತೆಯಲ್ಲಿ ಮೊಳಗುತ್ತಿರುವ ತಂತಿಗಳ ಶ್ರುತಿ ಇಳಿಯುತ್ತದೆ.

ಲೆಸ್ ಪಾಲ್‌ನಲ್ಲಿ ಮೂರನೆಯ ತಂತಿ ಬೆಂಡ್ ಆದ ಮೇಲೆ ಶ್ರುತಿಗೆ ಮರಳುವುದಿಲ್ಲ ಎಂಬ ದೂರು ಮಾಮೂಲು. ಟ್ಯೂನರ್ ಕೀ ಬದಲಿಸುವ ಮೊದಲು ನಟ್‌ನ (ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳು ನೋಡಿ, ತಂತಿ ಅಲ್ಲಿ ಕಚ್ಚಿಕೊಳ್ಳುತ್ತದೆ. ಮೆತ್ತನೆಯ ಪೆನ್ಸಿಲ್ಲಿನ ಸೀಸವನ್ನು ಸೀಳಿಗೆ ತಿಕ್ಕಿದರೆ ಎಷ್ಟೋ ಸಲ ಅಲ್ಲಿಗೆ ಮುಗಿಯಿತು. ತಂತಿ 10–46 ದಪ್ಪದ ಸೆಟ್ ಸಾಕು. ಕರಾವಳಿಯವರು ಲೇಪನವಿರುವ ತಂತಿ ಹಾಕಿ, ತುಕ್ಕು ಹಿಡಿದ ತಂತಿಯಲ್ಲಿ ವೈಬ್ರಾಟೋ ಮಾಡಿದರೆ ಬೆರಳೂ ಫ್ರೆಟ್ಟೂ ಎರಡೂ ಸವೆಯುತ್ತವೆ.

ಆಂಪ್‌ಗಳ ಸದ್ದನ್ನು ಅನುಕರಿಸುವ ಮಾಡೆಲರ್ ಬಳಸುವವರು ಮೆಸಾ ಮಾರ್ಕ್ ಮಾದರಿ ಆರಿಸಿದ ಮೇಲೆ ಮಾಡುವ ತಪ್ಪು, ಬೇಸ್ ಗುಂಡಿಯನ್ನು ಬೇರೆ ಆಂಪ್‌ನಂತೆ 6ಕ್ಕೆ ಇಡುವುದು. ಈ ಆಂಪ್‌ನಲ್ಲಿ ಗುಂಡಿಗಳು ಮುಖ್ಯ ಗೇನ್‌ಗಿಂತ ಮೊದಲು ಬರುತ್ತವೆ, ಬೇಸ್ ಹೆಚ್ಚಿದರೆ ಡಿಸ್ಟಾರ್ಷನ್ ಕೆಸರಾಗುತ್ತದೆ. ಬೇಸ್ 2ರ ಆಸುಪಾಸು, ಗೇನ್ 6, ಟ್ರೆಬಲ್ 7. ಕಳೆದುಹೋದ ಭಾರವನ್ನು ಐದು ಪಟ್ಟಿಯ ಈಕ್ವಲೈಸರ್‌ನಲ್ಲಿ 80 ಹರ್ಟ್ಸ್ ಏರಿಸಿ ಮರಳಿ ತನ್ನಿ. ನಡುವಿನ 750ರ ಪಟ್ಟಿಯನ್ನು ಪೂರ್ತಿ ತಳಕ್ಕಿಳಿಸಿದ ವಿ ಆಕಾರ ಮಲಗುವ ಕೋಣೆಯಲ್ಲಿ ರಾಜಗಂಭೀರ, ಡ್ರಮ್ಸ್ ಜೊತೆ ನಾಪತ್ತೆ. ಬ್ಯಾಂಡ್ ಜೊತೆ ನುಡಿಸುವಾಗ ಅದನ್ನು ನಡುಗೆರೆಗಿಂತ ಒಂದಿಷ್ಟೇ ಕೆಳಗಿಡಿ.

ಉಳಿದ ಆಲ್ಬಂಗಳಲ್ಲಿ ಟೈಗರ್ಸ್ ಕಾಲದ ‘ಸ್ಪೆಲ್‌ಬೌಂಡ್’ ಕೈ ಇನ್ನೂ ಬಲಿಯುತ್ತಿದ್ದ ದಿನಗಳದು, ಕುತೂಹಲಕ್ಕೆ ಕೇಳಬಹುದು. ಬ್ಲೂ ಮರ್ಡರ್‌ನ 1993ರ ಎರಡನೆಯ ಆಲ್ಬಂ ಮೊದಲನೆಯದು ಕರಗತವಾದವರಿಗೆ. ಇವೆರಡಕ್ಕಿಂತ ಮೊದಲು ಕೊಳ್ಳಬೇಕಾದ್ದು 2004ರ ‘ಬ್ಯಾಡ್ ಬಾಯ್ ಲೈವ್’. ಲಿಝಿ, ವೈಟ್‌ಸ್ನೇಕ್, ಬ್ಲೂ ಮರ್ಡರ್ ಮೂರರ ಹಾಡುಗಳೂ ಇದರಲ್ಲಿವೆ, ಹಾಡುವವನೂ ಸೈಕ್ಸ್, ಗಿಟಾರೂ ಆತನದೊಂದೇ. ಸ್ಟುಡಿಯೋದಲ್ಲಿ ನಾಲ್ಕಾರು ಪದರದಲ್ಲಿ ಕೇಳಿದ ‘ಸ್ಟಿಲ್ ಆಫ್ ದ ನೈಟ್’ನಲ್ಲಿ ಯಾವ ಪದರ ಉಳಿಸಿಕೊಂಡ, ಯಾವುದನ್ನು ಬಿಟ್ಟ ಎಂದು ನಿಮ್ಮ ಹಾಳೆಯ ಗುರುತುಗಳ ಜೊತೆ ತಾಳೆ ನೋಡಿ. ವೇದಿಕೆಯಲ್ಲಿ ನೀವು ನುಡಿಸಬೇಕಾದ್ದು ಆ ಉಳಿದ ಪದರವನ್ನೇ.